ಮೂರನೆಯ ಸೊನ್ನೆ

ಗೋಡೆಯಾಚೆ ಗಾಣ ಇಡೀ ರಾತ್ರಿ ತಿರುಗುತ್ತದೆ.
ಮಹ್ದಿಯಾದಲ್ಲಿ ನವೆಂಬರ್ ಅಂದರೆ
ಕೀಲಿಮಣೆಯ ಸಂದಿಗೂ ಆಲಿವ್ ಜಿಡ್ಡು.

ಈ ಮ್ಯಾಕ್ರೊ ಮಾರ್ಸೇಯಿಂದ ಬಂದದ್ದು,
ಯಜಮಾನರ ಭಾವಮೈದ ಬರೆದುಕೊಟ್ಟದ್ದು, ಹದಿನಾಲ್ಕು ಸಾಲು.
ಗುಂಡಿ ಒತ್ತಿದರೆ ಸಾಕು,
ಬತ್ತಲೆ ನಿಂತ ಅಂಕಿಗಳೆಲ್ಲ ಅಂಗಿ ತೊಟ್ಟು ಬರುತ್ತವೆ:
ಸಾವಿರಕ್ಕೊಂದು ಸಣ್ಣ ತೆರಪು,
ಬೆನ್ನಿಗೆ ದಿನಾರ್ ಎಂಬ ಬಿರುದು,
ಬಾಕಿ ಇದ್ದವರಿಗೆ ಕೆಂಪು.
ಆರು ಸುಗ್ಗಿ ಒತ್ತಿದ್ದೇನೆ,
ಅಂಗಿಯೊಳಗೆ ಕೈಹಾಕಿ ನೋಡಿದವಳಲ್ಲ.

ಸಂಜೆ ಮಬ್ರೂಕಾ ಬಂದಳು.
ತಲೆವಸ್ತ್ರಕ್ಕೆ ಸಿಕ್ಕಿದ್ದ ಎಲೆಯನ್ನೂ ತೆಗೆಯದೆ
ಕೂಲಿಯ ಚೀಟಿ ಮೇಜಿಗಿಟ್ಟು
ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ಬಿಡಿಸಿದಳು.

"ಲೆಲ್ಲಾ ಹೈಫಾ, ಕಿಲೋಗೆ ಸೊನ್ನೆ ಮೂವತ್ತೊಂಬತ್ತು ಅಂತ ಇದೆಯಲ್ಲ,
ನಾನು ಕಿತ್ತದ್ದು ಇನ್ನೂರ ಹನ್ನೆರಡು ಕಿಲೋ.
ಮೊಮ್ಮಗ ಗುಣಿಸಿದ. ಎರಡು ಸಲ ಗುಣಿಸಿದ.
ಒಂದು ದಿನಾರ್ ಅರವತ್ತು ಮಿಲೀಮ್ ಎಲ್ಲಿ ಹೋಯ್ತು?"

ಎಲ್ಲಿಗೂ ಹೋಗಿಲ್ಲ ಅಂದೆ.
ದರ ಮುನ್ನೂರ ಎಂಬತ್ತೈದು ಮಿಲೀಮ್, ಗುಣಿಸಿದ್ದೂ ಅದರಿಂದಲೇ,
ಒಳಗೆ ಕಂಪ್ಯೂಟರಿಗೆ ಎಲ್ಲ ಗೊತ್ತು,
ತೋರಿಸುವಾಗ ಮಾತ್ರ ಎರಡೇ ಮನೆ ಉಳಿಸಿ
ಕೊನೆಯ ಐದನ್ನು ಮೇಲಕ್ಕೆ ದಬ್ಬಿಬಿಡುತ್ತದೆ.

"ಒಳಗೊಂದು, ಹೊರಗೊಂದು," ಅಂದಳು.
ಬೈಗುಳವಲ್ಲ.
ತಾನು ತಿಳಿದದ್ದು ಸರಿಯೇ ಎಂದು ಕೇಳುವ ದನಿ.
ಹ್ಞೂಂ ಅಂದೆ.

"ಹಾಗಾದರೆ ಹೋದ ವರ್ಷ?"

ಹೋದ ವರ್ಷದ ದರ ಮುನ್ನೂರ ಅರವತ್ತನಾಲ್ಕು.
ಚೀಟಿ ಹೇಳಿದ್ದು ಮೂವತ್ತಾರು.
ಇನ್ನೂರೈವತ್ತು ಕಿಲೋಗೆ ಅವಳ ಲೆಕ್ಕದಲ್ಲಿ ತೊಂಬತ್ತು,
ಕೈಗೆ ಬಂದದ್ದು ತೊಂಬತ್ತೊಂದು.

"ಆ ಒಂದನ್ನು ನೀನೇ ಕಂಡೂ ಕಾಣದ ಹಾಗೆ
ಸೇರಿಸಿದ್ದು ಅಂದುಕೊಂಡಿದ್ದೆ ಮಗಳೇ.
ವರ್ಷವಿಡೀ, ಶುಕ್ರವಾರ ಶುಕ್ರವಾರ,
ನಿನ್ನ ಹೆಸರಿಗೊಂದು ದುವಾ ಮಾಡಿದ್ದೇನೆ."

ನನ್ನ ಕಿವಿ ಬಿಸಿಯಾಯಿತು.
ಕೊಡದ ದಾನಕ್ಕೆ
ಐವತ್ತೆರಡು ವಾರದ ಬಡ್ಡಿ ಉಂಡಿದ್ದೆ.

ಅವಳೆದುರೇ ಮ್ಯಾಕ್ರೊ ಬಿಚ್ಚಿದೆ.
ಒಂಬತ್ತನೆಯ ಸಾಲಿನಲ್ಲಿ, ಉದ್ಧರಣ ಚಿಹ್ನೆಗಳ ನಡುವೆ,
ಸೊನ್ನೆ, ಚುಕ್ಕಿ, ಸೊನ್ನೆ, ಸೊನ್ನೆ.
ಬರೆದವನ ಯೂರೋ ನೂರು ಮಕ್ಕಳ ತಾಯಿ,
ನಮ್ಮ ದಿನಾರಿಗೆ ಸಾವಿರ. ಅವನಿಗೇನು ಗೊತ್ತು.
ತೆರೆಯ ಮೇಲೆ ನಾವು ಅಲ್ಪವಿರಾಮ ಇಡುವಲ್ಲಿ
ಈ ಸಾಲು ಚುಕ್ಕಿಯನ್ನೇ ಬೇಡುತ್ತದೆ,
ಅದು ಇನ್ನೂ ದೂರದ ಯಾವುದೋ ಊರಿನ ಹಟ.

ಇನ್ನೊಂದು ಸೊನ್ನೆ ಹಾಕಿದೆ.
ಇಲ್ಲಿ ಸೊನ್ನೆಯೆಂದರೆ ಇಲ್ಲ ಅಂತಲ್ಲ,
ಬಂದವರು ಕೂರಲಿ ಎಂದು ಹಾಕಿಟ್ಟ ಮಣೆ.
ಐದು ಬಂದು ಕೂತಿತು,
ಪೇಟೆಯಲ್ಲಿ ಬಿದ್ದಿದ್ದರೆ ಯಾರೂ
ಬಗ್ಗಿ ಹೆಕ್ಕದ ಐದು.

ಹೊಸ ಚೀಟಿಯನ್ನು ಮಬ್ರೂಕಾ ದೀಪಕ್ಕೆ ಹಿಡಿದಳು.
ಮೂರನೆಯ ಅಂಕಿಯ ಮೇಲೆ ಕರಿಹಿಡಿದ ಉಗುರಿಟ್ಟು
"ಇದಾ?"
"ಇದೇ."
ಮಡಚಿ ಎದೆಗೆ ಸಿಕ್ಕಿಸಿಕೊಂಡಳು.
ಒಂದು ದಿನಾರ್ ಅರವತ್ತರ ಮಾತು ಮತ್ತೆ ಎತ್ತಲಿಲ್ಲ,
ದುವಾದ ಮಾತನ್ನೂ.

ಅವಳು ಹೋದ ಮೇಲೆ ನೋಡುತ್ತೇನೆ:
ಅಂಕಿಯೊಂದು ಹೆಚ್ಚಿದ್ದಕ್ಕೆ ಅಂಕಣ ಸಾಲದೆ
ಮೊತ್ತಗಳಿದ್ದ ಜಾಗದಲ್ಲೆಲ್ಲ ಬರೀ ಜಾಲರಿ,
ಮರದಡಿ ಹಾಸುವ ಬಲೆಯ ಹಾಗೆ,
ಕಾಯಿ ಇನ್ನೂ ಬೀಳದ ಬಲೆ.

ಗೆರೆ ಹಿಡಿದು ತುಸು ಬಲಕ್ಕೆ ಎಳೆದೆ.
ಉದುರಿದವು.