ಸೋಮವಾರ, ಥೊನ್‌ಬುರಿ

ಸೋಮವಾರ ಬೀದಿ ತೊಳೆಯುವ ದಿನ,
ಗಾಡಿಗಳಿಗೆ ರಜೆ. ನೂಡಲ್ಸಿನ ಮಾಲಿವಾನ್
ಮೆಟ್ಟಿಲ ಮೇಲೆ ಕೂತು
ಮೀನಿನ ಬೋಗುಣಿ ಉಜ್ಜುತ್ತಾಳೆ.

ಸೋಪು ಮುಟ್ಟಿಸಳು. ಬರೀ ಉಪ್ಪು, ಬೆರಳು.
ನಿನ್ನೆಯೇ ಹಿಡಿದಿಟ್ಟ ನಲ್ಲಿನೀರಿಗೆ
ಹಳೆಯದರಲ್ಲಿ ಒಂದು ಲೋಟ,
ಹೆಪ್ಪಿಗೆ ಉಳಿಸಿದ ಹಾಗೆ,
ಮತ್ತೆ ಚಹಾ ಬಣ್ಣ ಬಿಡುವ
ಕಾಡುಬಾದಾಮಿಯ ಒಂದು ಒಣ ಎಲೆ.

ಲೋಟದಿಂದ ಜಾರಿ ಇಳಿದ ಮೀನು
ಸುತ್ತ ನೋಡಿತು.
ಫಳಫಳ ಗಾಜು. ಅದರಲ್ಲಿ
ತನ್ನಷ್ಟೇ ಕೆಂಪು, ತನ್ನಷ್ಟೇ ಸಿಟ್ಟಿನ ಒಬ್ಬ!
ಕಿವಿರು ಬಿರಿದು, ರೆಕ್ಕೆ ಕೆದರಿ
ಏರಿ ಹೋಯಿತು, ಮೂತಿ ಬಡಿಯಿತು.

"ಅತಿಯಾಗಿ ಉಜ್ಜಿಬಿಟ್ಟೆ"
ಎಂದು ಗೊಣಗಿ,
ಹೋದ ಸಲ ಹೊಡೆಯದ ಲಾಟರಿ ಚೀಟಿಯನ್ನು
ಗಾಜಿಗೆ ಹೊರಗಿಂದ ಆನಿಸಿದಳು.

ಶತ್ರು ಕಾಣೆ.
ಮೀನು ಈಗ ಅಂಕಿಗಳನ್ನು ಓದುತ್ತಿದೆ.
ಕೊನೆಯ ಎರಡನ್ನು
ಅವಳೂ ಇನ್ನೊಮ್ಮೆ ನೋಡಿದಳು.