ಗೆರೆ ದಾಟಿದ ಎಣ್ಣೆ

ಬೇರೆ ಗಾಡಿಯಾದರೆ ಎಣ್ಣೆ ಇಳಿದಾಗ ಹೆದರಬೇಕು.
ಇದು ರೋಟರಿ. ಇದಕ್ಕೆ ಕುಡಿಯುವ ಚಟ;
ತಿರುಗುವ ಮುಕ್ಕೋನದ ತುದಿಗಳು ಸವೆಯದಿರಲೆಂದು
ತೊಟ್ಟು ತೊಟ್ಟಾಗಿ ತಾನೇ ಹೊಯ್ದುಕೊಂಡು
ತಾನೇ ಸುಡುತ್ತದೆ.
ಇಳಿಯುತ್ತಿದ್ದರೆ ಆರೋಗ್ಯ.

ಸ್ಪೀರು ಕಮಿಲ್ಲೇರಿಯ ಕಾರಿನ ಕಡ್ಡಿ ಎಳೆದೆ.
ಮೇಲಿನ ಗೆರೆ ದಾಟಿ ಬೆರಳಗಲ ನಿಂತಿತ್ತು.

“ಮೇಲೆ ಹಾಕಿದಿರಾ?”
“ಒಂದು ಹನಿಯೂ ಇಲ್ಲ, ಮಾರ್ಚಿನಿಂದ.”
ಪೆಂಡಲ್ ಹಿಲ್ಲಿನ ಜುಲೈ ಬೆಳಿಗ್ಗೆ.
ಶೆಡ್ಡಿನ ತಗಡಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು.
ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನು
ನನ್ನನ್ನಲ್ಲ, ನನ್ನ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತಿದ್ದ.

ತುಂಬಿದ ಕೊಡ ತುಳುಕುವುದಿಲ್ಲವಂತೆ.
ಕೊಡಕ್ಕೆ ಸರಿ.
ಯಾರೂ ಹಾಕದೆ ತುಂಬಿದ ಸಂಪಿಗೆ ಗಾದೆ ಇಲ್ಲ.

ಮೂಗಿಗೆ ಹಿಡಿದೆ: ಬಂಕಿನ ವಾಸನೆ.
ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿಸಿದೆ.
ಗೋಕಾಕದಲ್ಲಿ ನನ್ನ ಸೋದರಮಾವ
ಕರದಂಟಿನ ಬೆಲ್ಲದ ಪಾಕ ನೋಡುತ್ತಿದ್ದದ್ದು ಹೀಗೇ,
ಒಂದೆಳೆ ಬಂತೋ, ಎರಡೆಳೆಯೋ,
ಎಳೆಗೆ ಮುಂಚೆ ಕೊಪ್ಪರಿಗೆ ಇಳಿಸಿದವನ ವಂಶಕ್ಕೆಲ್ಲ ಬೈಗುಳ.
ಈ ಎಣ್ಣೆ ಎಳೆಯನ್ನೇ ಬಿಡಲಿಲ್ಲ.
‘ಇನ್ನೂ ಕುದೀಬೇಕ ಇದು’ ಅನ್ನುತ್ತಿದ್ದ ಮಾವ.

ಸೋಸುಕಾಗದದ ಮೇಲೆ ಒಂದು ತೊಟ್ಟು ಬಿಟ್ಟು
ಚಹಾ ಮುಗಿಯುವವರೆಗೆ ಕಾದೆ.
ನಡುವೆ ಕಪ್ಪು ಬೊಟ್ಟು. ಸುತ್ತ ಕಂದು.
ಅದರಾಚೆ, ತೀರಾ ಆಚೆ, ತೆಳ್ಳನೆಯ ಹಳದಿ ಸೆರಗು.
ಎಣ್ಣೆ ತಾನಾಗಿ ಅಷ್ಟು ದೂರ ಹೋಗುವುದಿಲ್ಲ,
ಯಾರೋ ಕೈಹಿಡಿದು ಕರೆದೊಯ್ಯಬೇಕು.

ಪೆಟ್ರೋಲೇ, ಸರಿ. ಬಂದದ್ದು ಯಾವ ಬಾಗಿಲಿಂದ?

ಇಂಜೆಕ್ಟರುಗಳಿಗೆ ಒತ್ತಡ ಕಟ್ಟಿ, ಪಂಪು ನಿಲ್ಲಿಸಿ
ಇಪ್ಪತ್ತು ನಿಮಿಷ ಮುಳ್ಳು ನೋಡುತ್ತ ಕೂತೆ. ಅಲುಗಲಿಲ್ಲ.
ಎರಡು ರೋಟರು, ಒಂದೊಂದಕ್ಕೆ ಮೂರು ಮುಖ,
ಪುಫ್ ಪುಫ್ ಪುಫ್, ಆರು ಉಸಿರೂ ಸಮ.
ಬಿಸಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿಲ್ಲ.
ಪ್ಲಗ್ಗು ಮಾತ್ರ ನಾಲ್ಕೂ ಒದ್ದೆ ಮಸಿ,
ಹಸಿ ಸೌದೆ ತುರುಕಿದ ಒಲೆಯ ಬಾಯಿ.

ಮೊದಲೇ ಮಾಡಬೇಕಾದ್ದನ್ನು ಆಮೇಲೆ ಮಾಡಿದೆ:
ಮಾರ್ಚಿನ ನನ್ನದೇ ಬಿಲ್ಲು ತೆಗೆದು ಮೀಟರಿನಿಂದ ಕಳೆದೆ.
ಆರು ಕಿಲೋಮೀಟರ್.
ಇಲ್ಲಿಂದ ಅವನ ಮನೆಗೆ ಆರು.
ಇವತ್ತು ಬಂದದ್ದು ಟ್ರಕ್ಕಿನ ಬೆನ್ನ ಮೇಲೆ.

“ದಿನಾ ಓಡಿಸ್ತೀನಿ ಅಂದಿರಿ.”
“ದಿನಾ ಚಾಲೂ ಮಾಡ್ತೀನಿ.”
ಅವನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ.

ಸೋಸುಕಾಗದ ಎತ್ತಿಕೊಂಡ. ತಲೆ ಓರೆ ಮಾಡಿ,
ಕೋಳಿ ಕಾಳು ನೋಡುವಂತೆ ಒಂದು ಬದಿಯಿಂದ ನೋಡಿದ.
“ಇದನ್ನ ಡಾಕ್ಟರಿಗೆ ತೋರಿಸಬೇಕಿತ್ತು.
ನನಗೆ ಕಾಣೋದು ಹೀಗೇ. ನಡುವೆ ಕಪ್ಪು.
ಸುತ್ತ ಎಲ್ಲಾ ಇದೆ.
ನಾನು ನೋಡಬೇಕು ಅಂದದ್ದು ಮಾತ್ರ ಇಲ್ಲ.”

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು
ಏಪ್ರಿಲಿನಲ್ಲಿ ಲೈಸೆನ್ಸು ಒಪ್ಪಿಸಿದ್ದ.
ಅವತ್ತಿನಿಂದ ಸಂಜೆ ಐದಕ್ಕೆ ಸೀಟಿನಲ್ಲಿ ಕೂತು
ಕೀ ತಿರುಗಿಸಿ, ಎರಡೇ ನಿಮಿಷ, ಆರಿಸಿ, ಊಟಕ್ಕೆ.
ತಣ್ಣಗಿನ ಇಂಜಿನ್ನು ಹೆಚ್ಚು ಪೆಟ್ರೋಲು ಬೇಡುತ್ತದೆ;
ಕಾಯುವ ಮೊದಲೇ ಆರಿಸಿದರೆ
ಉರಿಯದೆ ಉಳಿದದ್ದು ಗೋಡೆಯಿಳಿದು,
ಸೀಲುಗಳ ಸಂದಿಯಲ್ಲಿ ನುಸುಳಿ, ಎಣ್ಣೆ ಸೇರುತ್ತದೆ.
ತೊಂಬತ್ತು ಸಂಜೆಗಳು, ಚಮಚ ಚಮಚವಾಗಿ.

ಬಿಲ್ಲಿನಲ್ಲಿ ‘ದೋಷ’ ಎಂದು ಬರೆದು
ಮುಂದೇನೂ ಹೊಳೆಯದೆ ಪೆನ್ನು ಕಚ್ಚಿದೆ.
ಹಳೆಯದನ್ನು ಬಸಿದು ಹೊಸದನ್ನು ತುಂಬಿ
“ಹತ್ತಿ” ಎಂದೆ, ಎಡಗಡೆಯ ಬಾಗಿಲು ತೆರೆದು.
ಆ ಬಾಗಿಲ ಹಿಡಿ ಅವನ ಕೈಗೆ ಹೊಸದು, ತಡಕಾಡಿದ.

ಲ್ಯಾಪ್‌ಸ್ಟನ್ ಏರಿನಲ್ಲಿ ಮೂರಕ್ಕೆ ಹಾಕಿದೆ.
ಬೈದ:
“ಬಜರ್ ಕೂಗೋವರೆಗೆ ಗೇರಿಗೆ ಕೈ ಹಾಕಬೇಡ ಮಾರಾಯ್ತಿ,
ಕುದೀಲಿ.”