ಬಲೂನಿನ ಕೆನ್ನೆ

ಮುಹರಖ್‌ನ ಮೀನುಪೇಟೆಯ ಹಿಂದಿನ ಗಲ್ಲಿ,
ಮೂರು ಕುರ್ಚಿಯ ಸಲೂನು.
ಈದಿನ ಹಿಂದಿನ ರಾತ್ರಿ, ಬಾಗಿಲಾಚೆಗೂ ಸಾಲು.
ಗಿರಾಕಿಯ ಗಂಟಲ ಮೇಲೆ ಕತ್ತಿ ಇಟ್ಟಿದ್ದಾಗಲೇ
ಬಲಗೈ ನನ್ನದಲ್ಲವಾಯಿತು.
ಆತನಿಗೆ ಒಂದು ಗೀರೂ ಬೀಳಲಿಲ್ಲ.
ಬಿದ್ದದ್ದು ಕತ್ತಿ, ಆಮೇಲೆ ನಾನು.

ಎಡಮಿದುಳಲ್ಲಿ ಕಡಲೆಕಾಳಿನಷ್ಟು ಜಾಗ, ಎಂದರು ಡಾಕ್ಟರು
ಚಿತ್ರ ತೋರಿಸಿ.
ಮೂವತ್ತೊಂದು ವರ್ಷ ಊರವರ ತಲೆ ನನ್ನ ಕೈಯಲ್ಲಿತ್ತು,
ಒಳಗೆ ಹೀಗಿರುತ್ತದೆಂದು ಯಾರು ಕಂಡಿದ್ದರು!

ರಾತ್ರಿಗೊಂದು ಬಿಳಿ ಗುಳಿಗೆ.
ಇದರಿಂದ ಕೈ ಬರುತ್ತದಾ?
ಕೆಲವರಿಗೆ ನೆರವಾದೀತು, ಖಾತ್ರಿಯಿಲ್ಲ, ವ್ಯಾಯಾಮ ಬಿಡಬೇಡಿ.
ನಾನು ನನ್ನ ಲೆಕ್ಕದಲ್ಲಿ ತಿಳಿದುಕೊಂಡೆ:
ಗುಳಿಗೆಯೆಂದರೆ ಗಡ್ಡ ನೆನೆಸುವ ಬಿಸಿನೀರು.
ಬರೀ ನೀರಿಗೆ ಕೂದಲು ಉದುರಿದ್ದುಂಟೇ?

ಮೇಲಿನ ಮಹಡಿಯ ಮರಿಸೆಲ್
ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುತ್ತಾಳೆ, ದುಡ್ಡು ಕೇಳಿಲ್ಲ.
ಸರಿಯಿರುವ ಎಡಗೈಗೆ ದಪ್ಪ ಚೀಲ ತೊಡಿಸಿ ಗಂಟು ಹಾಕುತ್ತಾಳೆ.
ತಪ್ಪು ಮಾಡಿದ್ದು ಒಂದು, ಸಜೆ ಇನ್ನೊಂದಕ್ಕೆ!
ಅದು ಮುಂದೆ ಬಂದರೆ ಇದು ಕಲಿಯುವುದಿಲ್ಲವಂತೆ.
ಬಟ್ಟೆಯ ಕ್ಲಿಪ್ಪು ಒತ್ತು, ಬಿಡು, ಒತ್ತು.
ಖಬೂಸಿನ ಚೂರು ಬಾಯಿಗೆ; ಕಿವಿಗೆ ಹೋಯಿತು, ಮತ್ತೆ.
ಎಣಿಸು ಅಂದರೆ ವಾಹಿದ್, ಇತ್ನೇನ್ ಬರಲೊಲ್ಲವು,
ಅದರಲ್ಲೇ ದರ ಹೇಳಿ ಸವೆದ ನಾಲಿಗೆಗೆ.
ಬಂದದ್ದು ಒಂಜಿ, ರಡ್ಡ್, ಮೂಜಿ,
ಮುಲ್ಕಿಯ ಜಗಲಿಯಲ್ಲಿ ಅಪ್ಪ
ಬಲೂನಿಗೆ ನೊರೆ ಹಚ್ಚಿ, ಒಡೆಯದೆ ಬೋಳಿಸು ಅಂದು
ಎಣಿಸುತ್ತಿದ್ದ ಹಾಗೆ.

ಅದನ್ನು ಹೇಳಲು ಮಾತು ಸಾಲದೆ ಕೆನ್ನೆ ಉಬ್ಬಿಸಿದೆ.
ಹಲ್ಲುನೋವೇ, ಎಂದಳು ಮರಿಸೆಲ್.
ಪಕ್ಕದ ಮಂಚದ ಮೊಫಿಜುಲ್‌ಗೆ ತಿಳಿಯಿತು,
ಸಿಲ್ಹೆಟ್ಟಿನಲ್ಲಿ ಅವನೂ ಹಾಗೇ ಕಲಿತವನು.
ಅರ್ಧ ದೀನಾರಿಗೆ ಒಂದು ಪೊಟ್ಟಣ ತಂದ.

ಹಸಿರು ಒಡೆಯಿತು. ಕೆಂಪು ಒಡೆಯಿತು.
ಆಚೆ ಕೋಣೆಯವರು ಗೋಡೆ ಗುದ್ದಿದರು.
ಹಳದಿ. ಇನ್ನೊಂದು ಹಳದಿ.
ಎಷ್ಟು ಪೊಟ್ಟಣವೋ, ಮೊಫಿಜುಲ್ ಲೆಕ್ಕ ಹೇಳುವುದಿಲ್ಲ.

ನಿನ್ನೆ ನೀಲಿಯದರ ಅರ್ಧ ಮುಗಿಸಿದ್ದೆ,
ನಿದ್ದೆ ಎಳೆಯಿತು.
ಬೆಳಿಗ್ಗೆ ನೋಡಿದರೆ ಗಾಳಿ ಇಳಿದು, ನೊರೆ ಒಣಗಿ,
ಮುದುಕನ ಕೆನ್ನೆಯಾಗಿ ಮಡಿಲಲ್ಲಿ ಕೂತಿದೆ.
ಮುದುಕರ ಕೆನ್ನೆ, ಯಾವ ಕಸುಬುದಾರನನ್ನೂ ಕೇಳಿ,
ಒಂದು ಕೈಯ ಕೆಲಸವಲ್ಲ.
ಇನ್ನೊಂದು ಚರ್ಮ ಎಳೆದು ಹಿಡಿಯಬೇಕು.

ಮರಿಸೆಲ್ ಬರಲು ಇನ್ನೂ ಹೊತ್ತಿದೆ.
ಬಲಗೈಯ ಎರಡು ಬೆರಳು
ಎಡಗೈಯ ಗಂಟು ಬಿಚ್ಚುತ್ತಿವೆ.